ಗಡಿಯಾರ ಬಿಡಿ, ಕಾಗದದ ಹೊಳಪು ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜಲವರ್ಣದ ಮುಂದುವರಿದ ತಂತ್ರಗಳ ಬಗ್ಗೆ ಪುಟ ತುಂಬ ಲೇಖನ ಬಂದಿದ್ದು ಒಳ್ಳೆಯದಾಯಿತು. ಚಿತ್ರಕಾರರ ಬದುಕಿನ ಬಗ್ಗೆ ಕನ್ನಡದಲ್ಲಿ ಬರೆಯುವವರಿದ್ದಾರೆ. ಬಣ್ಣ, ಕಾಗದ, ಕುಂಚದ ಬಗ್ಗೆ ಬರೆಯುವವರು ಕಡಿಮೆ. ಆದರೆ ಲೇಖನದ ಉದ್ದಕ್ಕೂ ನಿಮಿಷದ ಲೆಕ್ಕ ಕೊಟ್ಟಿರುವುದು ಎಡವಟ್ಟಿಗೆ ದಾರಿ. ಕಾಗದ ಒದ್ದೆ ಮಾಡಿ ಎರಡು ನಿಮಿಷ ಕಾಯಿರಿ, ಬಣ್ಣ ಹಾಕಿ ಹತ್ತು ನಿಮಿಷ ಬಿಡಿ, ಆಮೇಲೆ ಎರಡನೇ ಪದರ ಎಳೆಯಿರಿ ಎಂಬ ಈ ಲೆಕ್ಕ ಹೊರದೇಶದ ವಿಡಿಯೊಗಳಲ್ಲಿ ದಿನಬೆಳಗಾದರೆ ಕೇಳುವಂಥದ್ದು. ಅಲ್ಲಿಯ ಸ್ಟುಡಿಯೊಗಳ ಹವೆಗೆ ಅದು ಸರಿಯಿದ್ದೀತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಫ್ಯಾನಿನ ಕೆಳಗೆ, ಎರಡು ನಿಮಿಷಕ್ಕೆ ಕಾಗದದ ಹೊಳಪು ಹೋಗಿಯೇಬಿಟ್ಟಿರುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ಅರ್ಧ ಗಂಟೆಯಾದರೂ ಅದೇ ಕಾಗದ ಮಿನುಗುತ್ತಲೇ ಇರುತ್ತದೆ. ಲೇಖನ ಎದುರಿಗಿಟ್ಟುಕೊಂಡು ಕೆಲಸ ಮಾಡಿದ ಓದುಗರ ಚಿತ್ರ ಕೆಟ್ಟಿದ್ದರೆ ಅವರ ಕೈಯನ್ನು ದೂರುವಂತಿಲ್ಲ.

ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಹೇಳುವುದು ಕಾಗದದ ಮೇಲಿನ ಹೊಳಪು. ಅದನ್ನು ಓದುವುದಕ್ಕೆ ತಲೆಯನ್ನು ಬಗ್ಗಿಸಿ, ಕಾಗದವನ್ನು ಓರೆಯಾಗಿ, ಕಿಟಕಿಯ ಬೆಳಕಿಗೆ ಎದುರಾಗಿ ನೋಡಬೇಕು. ಮೇಲಿನಿಂದ ನೆಟ್ಟಗೆ ನೋಡಿದರೆ ಏನೂ ತಿಳಿಯದು. ಮೊದಲ ಹಂತದಲ್ಲಿ ಕನ್ನಡಿಯ ಹೊಳಪು, ಕಿಟಕಿಯ ಸರಳುಗಳೇ ನೀರಿನಲ್ಲಿ ಪ್ರತಿಬಿಂಬಿಸುತ್ತವೆ. ಆಗ ನೀರು ಕಾಗದದ ಮೇಲೆ ನಿಂತಿರುತ್ತದೆ, ಬಿಟ್ಟ ಬಣ್ಣ ತನಗೆ ಬೇಕಾದ ಕಡೆ ಹರಿಯುತ್ತದೆ. ಆಕಾಶದಲ್ಲಿ ಎರಡು ಬಣ್ಣ ತಾವಾಗಿ ಬೆರೆಯಲಿ ಎಂದಾದರೆ ಮಾತ್ರ ಈ ಹಂತ ಸರಿ. ಎರಡನೆಯದರಲ್ಲಿ ಪ್ರತಿಬಿಂಬ ಹೋಗಿ ರೇಷ್ಮೆಯ ಹೊಳಪು ಉಳಿಯುತ್ತದೆ, ಕಾಗದದ ಹರಳು ಹರಳು ಮೈ ಕಾಣತೊಡಗುತ್ತದೆ. ಮೋಡ, ಮಂಜು, ದೂರದ ಮರ, ಹೀಗೆ ಅಂಚು ಮೃದುವಾಗಿ ಆಕಾರ ಮಾತ್ರ ನಿಲ್ಲಬೇಕಾದದ್ದೆಲ್ಲ ಇಲ್ಲಿಯೇ ಆಗಬೇಕು. ಮೂರನೆಯ ಹಂತದಲ್ಲಿ ಹೊಳಪು ಪೂರ್ತಿ ಹೋಗಿರುತ್ತದೆ, ಆದರೆ ಅಂಗೈಯ ಹಿಂಬದಿ ತಾಗಿಸಿದರೆ ತಣ್ಣಗಿರುತ್ತದೆ. ಹೊಸಬರು ಒಣಗಿತೆಂದು ಮೋಸಹೋಗುವುದು ಇಲ್ಲಿಯೇ. ನಾಲ್ಕನೆಯದು ನಿಜವಾದ ಒಣಗು.

ಕಾಗದದ ತೇವ ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕುಂಚದಲ್ಲಿರುವ ತೇವ. ಪ್ಯಾಲೆಟ್ಟಿನಲ್ಲಿ ಬಣ್ಣವನ್ನು ಮೂರು ಹದದಲ್ಲಿ ಕಲಸಿಕೊಳ್ಳುವುದು ವಾಡಿಕೆ: ನೀರುಮಜ್ಜಿಗೆಯ ಹದ, ಹಾಲಿನ ಹದ, ದೋಸೆ ಹಿಟ್ಟಿನ ಹದ. ಕನ್ನಡಿ ಹೊಳಪಿಗೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ರೇಷ್ಮೆ ಹೊಳಪಿಗೆ ಹಾಲಿನ ಹದ, ಅಥವಾ ಅದಕ್ಕಿಂತ ಗಟ್ಟಿ. ಹೊಳಪು ಹೋದ ತೇವಕ್ಕೆ ದೋಸೆ ಹಿಟ್ಟಿನ ಹದ ಮಾತ್ರ. ಅದೂ ಕುಂಚವನ್ನು ಬಟ್ಟೆಗೆ ಒತ್ತಿ ನೀರು ತೆಗೆದ ಮೇಲೆ. ಕುಂಚದ ತೇವ ಕಾಗದದ ತೇವಕ್ಕಿಂತ ಕಡಿಮೆ ಇರಬೇಕು ಎಂಬ ಈ ಒಂದು ನಿಯಮ ಮುರಿದಾಗಲೇ ಹೂಕೋಸಿನ ಅಂಚಿನಂತೆ ಸುರುಟಿದ ಕಲೆ ಏಳುತ್ತದೆ. ಮಾಡುವವರು ಇದನ್ನು ಬ್ಲೂಮ್ ಎನ್ನುತ್ತಾರೆ, ಬ್ಯಾಕ್‌ರನ್ ಎಂದೂ ಹೇಳುವುದುಂಟು.

ಬ್ಲೂಮ್ ಆಗುವುದು ಹೀಗೆ. ಅರೆ ಒಣಗಿದ ವಾಶ್‌ನಲ್ಲಿ, ಅಂದರೆ ನೀರು ಬೆರೆಸಿ ಹರಡಿದ ತೆಳು ಬಣ್ಣದ ಪದರದಲ್ಲಿ, ಬಣ್ಣದ ಕಣಗಳು ಇನ್ನೂ ಕಾಗದಕ್ಕೆ ಕಚ್ಚಿರುವುದಿಲ್ಲ. ಅಲ್ಲಿಗೆ ಹೆಚ್ಚು ನೀರಿನ ಕುಂಚ ತಾಗಿದ ಕೂಡಲೇ ಆ ನೀರು ಕಡಿಮೆ ತೇವದ ಸುತ್ತಲಿನ ಕಾಗದದ ಎಳೆಗಳತ್ತ ಹೀರಲ್ಪಡುತ್ತದೆ. ಹೋಗುವಾಗ ದಾರಿಯಲ್ಲಿದ್ದ ಕಣಗಳನ್ನೆಲ್ಲ ತಳ್ಳಿಕೊಂಡು ಹೋಗಿ, ಎಲ್ಲಿ ಶಕ್ತಿ ಮುಗಿಯುತ್ತದೋ ಅಲ್ಲಿ ಗೆರೆ ಕಟ್ಟುತ್ತದೆ. ಒದ್ದೆ ಕಾಗದದ ಅಂಚಿನಲ್ಲಿ, ಕಾಗದವನ್ನು ಬೋರ್ಡಿಗೆ ಅಂಟಿಸಿದ ಟೇಪಿನ ಪಕ್ಕದಲ್ಲಿ ಸಂಗ್ರಹವಾದ ನೀರೂ ಹಾಗೆಯೇ ಒಳಕ್ಕೆ ನುಗ್ಗುತ್ತದೆ. ಎಷ್ಟೋ ಒಳ್ಳೆಯ ಆಕಾಶಗಳು ಹಾಳಾಗುವುದು ಈ ಅಂಚಿನ ನೀರಿನಿಂದ, ವಾಶ್ ಮುಗಿದ ಕೂಡಲೇ ನಾಲ್ಕೂ ಅಂಚನ್ನು ಒಣ ಬಟ್ಟೆಯಿಂದ ಒರೆಸದೆ ಬಿಟ್ಟಿದ್ದರಿಂದ. ಒಣ ಕಾಗದದ ಮೇಲೆ ಹಾಕಿದ ಬಣ್ಣದ ಸುತ್ತ ಕಟ್ಟುವ ಗಾಢ ಅಂಚಿನ ಕಾರಣ ಬೇರೆ. ಹನಿಯ ಅಂಚು ಕಾಗದಕ್ಕೆ ಅಂಟಿ ನಿಲ್ಲುತ್ತದೆ, ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆ ಕೊರತೆ ತುಂಬಲು ನಡುವಿನ ನೀರು ಕಣಗಳ ಸಮೇತ ಹೊರಕ್ಕೆ ಹರಿಯುತ್ತದೆ. ಚೆಲ್ಲಿದ ಕಾಫಿ ಹನಿ ಒಣಗಿದಾಗ ಉಂಗುರ ಉಳಿಯುವುದೂ ಇದರಿಂದಲೇ ಎಂದು ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1997ರಲ್ಲಿ ತೋರಿಸಿಕೊಟ್ಟರು. ಆ ಅಂಚು ಬೇಡವಾದರೆ ಹಿಂಡಿದ ಕುಂಚದಿಂದ ಹೊಳಪಿರುವಾಗಲೇ ನೀರನ್ನು ಹೀರಿ ತೆಗೆಯಬೇಕು. ಒಣಗಿದ ಮೇಲೆ ತಿಕ್ಕಿದರೆ ಕಾಗದ ನೂಲೇಳುತ್ತದೆ, ಅಂಚು ಹೋಗುವುದಿಲ್ಲ.

ಒದ್ದೆಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಪೇಲವವಾಗುತ್ತದೆ ಎಂಬುದನ್ನು ಲೇಖನ ಹೇಳಿದೆ, ಕಾರಣ ಹೇಳಿಲ್ಲ. ಒದ್ದೆಯಿರುವಾಗ ಎಳೆಗಳ ನಡುವಿನ ಸಂದುಗಳಲ್ಲಿ ನೀರು ತುಂಬಿರುತ್ತದೆ, ಬೆಳಕು ಹೆಚ್ಚು ಚದುರದೆ ಒಳಗಿಳಿಯುತ್ತದೆ, ಬಣ್ಣ ಗಾಢವಾಗಿ ಕಾಣುತ್ತದೆ. ನೀರು ಹೋಗಿ ಗಾಳಿ ತುಂಬಿದರೆ ಬೆಳಕು ಮೇಲ್ಮೈಯಲ್ಲೇ ಚದುರಿ ಬಣ್ಣ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಅದೇ ಕಾಗದದ ತುಂಡೊಂದನ್ನು ಪಕ್ಕದಲ್ಲಿಟ್ಟುಕೊಂಡು, ಕಲಸಿದ ಬಣ್ಣವನ್ನು ಅದರ ಮೇಲೆ ಎಳೆದು ಪೂರ್ತಿ ಒಣಗಿಸಿ ನೋಡದೆ ದೊಡ್ಡ ವಾಶ್‌ಗೆ ಕೈಹಾಕಬಾರದು. ಎರಡನೇ ಪದರದಿಂದ ಗಾಢಮಾಡಿಕೊಂಡರಾಯಿತು ಎನ್ನುವ ಧೈರ್ಯವೇ ಬಣ್ಣವನ್ನು ರಾಡಿ ಮಾಡುವುದು.

ಇದೆಲ್ಲ ಒಟ್ಟಿಗೆ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಮಳೆಗಾಲದ ಘಟ್ಟದ ಸಾಲನ್ನೇ ತೆಗೆದುಕೊಳ್ಳೋಣ. ಒಂದರ ಹಿಂದೆ ಒಂದು ಮೂರು ಗುಡ್ಡ, ನಡುವೆ ಮಂಜು. ಕಾಲು ಶೀಟು, ಅಂದರೆ 28×38 ಸೆಂ.ಮೀ., 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದ, ಕೋಲ್ಡ್ ಪ್ರೆಸ್ ಮೈ, ಅಂದರೆ ಸ್ವಲ್ಪ ಒರಟು. ಬಣ್ಣ ಮೂರು ಸಾಕು: ಅಲ್ಟ್ರಾಮರೀನ್ (ನೀಲಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಕ್ವಿನಾಕ್ರಿಡೋನ್ ರೋಸ್ (ಗುಲಾಬಿ). ಮೊದಲೆರಡನ್ನು ಬೆರೆಸಿ ನೀರುಮಜ್ಜಿಗೆ ಹದದ ಬೂದು ಬಣ್ಣವನ್ನು ಮೊದಲೇ ಎರಡು ದೊಡ್ಡ ಚಮಚದಷ್ಟು, ಸುಮಾರು 30 ಮಿ.ಲೀ. ಕಲಸಿಡಿ. ಅರ್ಧದಲ್ಲಿ ಬಣ್ಣ ಮುಗಿದು ಮತ್ತೆ ಕಲಸಲು ಕೂತರೆ ಅಷ್ಟರಲ್ಲಿ ಹೊಳಪು ಹೋಗಿರುತ್ತದೆ, ಎರಡನೇ ಸಲ ಅದೇ ಬಣ್ಣವೂ ಬರುವುದಿಲ್ಲ. ಬೋರ್ಡಿನ ತಲೆಯ ಕಡೆ ಏಳೆಂಟು ಸೆಂ.ಮೀ. ಎತ್ತರ ಕೊಡಿ. ಎರಡಿಂಚಿನ ಚಪ್ಪಟೆ ಕುಂಚದಿಂದ ಇಡೀ ಕಾಗದಕ್ಕೆ ಶುದ್ಧ ನೀರು ಎರಡು ಸಲ ಹಚ್ಚಿ. ಮೊದಲ ಸಲದ್ದು ಒಳಗಿಳಿಯಲು, ಎರಡನೆಯದು ಮೇಲೆ ನಿಲ್ಲಲು. ಅಂಚು ಒರೆಸಿ.

ಕನ್ನಡಿ ಹೊಳಪು ಹೋಗುತ್ತಿರುವಾಗ ಆಕಾಶದ ಬೂದು ಬಣ್ಣವನ್ನು ಮೇಲಿನಿಂದ ಅಡ್ಡಡ್ಡ ಎಳೆದು, ಕೆಳಗೆ ಬಂದಂತೆ ನೀರು ಹೆಚ್ಚಿಸುತ್ತ ಬಿಳಿಗೆ ತನ್ನಿ. ರೇಷ್ಮೆ ಹೊಳಪು ಬಂದಾಗ ಹಾಲಿನ ಹದದ ನೀಲಿಬೂದು ಬಣ್ಣದಲ್ಲಿ ದೂರದ ಗುಡ್ಡದ ತಲೆಯನ್ನು ಒಂದೇ ಎಳೆತಕ್ಕೆ ಎಳೆಯಿರಿ. ಅದು ಮಿಲಿಮೀಟರುಗಳಷ್ಟು ಹರಡಿ ನಿಲ್ಲುತ್ತದೆ. ಸೆಂಟಿಮೀಟರಿಗಿಂತ ಹೆಚ್ಚು ಹರಡಿದರೆ ಅವಸರವಾಯಿತು. ಏನೂ ಹರಡದೆ ಗೆರೆಯಾಗಿ ನಿಂತರೆ ತಡವಾಯಿತು. ಗುಡ್ಡದ ಬುಡವನ್ನು ಹಿಂಡಿದ ಕುಂಚದಿಂದ ಹೀರಿ ಮಂಜು ಮಾಡಿ. ಪ್ರತಿ ಸಲ ಹೀರಿದ ಮೇಲೆ ಕುಂಚವನ್ನು ತೊಳೆದು ಹಿಂಡಲೇಬೇಕು, ಇಲ್ಲದಿದ್ದರೆ ತೆಗೆದ ಬಣ್ಣವನ್ನೇ ಪಕ್ಕದಲ್ಲಿ ಬಳಿದಂತೆ.

ಈಗ ಪೂರ್ತಿ ಒಣಗಿಸಿ. ನಡುವಿನ ಗುಡ್ಡಕ್ಕೆ ಮೇಲಂಚು ಸ್ಪಷ್ಟವಾಗಿ, ಬುಡ ಮಂಜಿನಲ್ಲಿ ಕರಗಿದಂತೆ ಬೇಕು. ಅದಕ್ಕೆ ಗುಡ್ಡದ ತಲೆ ಬರುವ ಜಾಗವನ್ನು ಒಣದಾಗಿಯೇ ಬಿಟ್ಟು, ಅದರ ಕೆಳಗಿನ ಭಾಗಕ್ಕೆ ಮಾತ್ರ ಶುದ್ಧ ನೀರು ಹಚ್ಚಬೇಕು. ಇಲ್ಲಿಯೇ ಬಹಳ ಮಂದಿ ಎಡವುವುದು: ಬಣ್ಣ ಎಲ್ಲಿ ಕರಗಿ ಮುಗಿಯಬೇಕೋ ಅಲ್ಲಿಗೇ ನೀರನ್ನೂ ನಿಲ್ಲಿಸಿಬಿಡುತ್ತಾರೆ. ಬಣ್ಣ ನೀರಿನ ಗಡಿಯವರೆಗೂ ಹೋಗಿ ಅಲ್ಲಿ ಗಟ್ಟಿ ಗೆರೆ ಕಟ್ಟುತ್ತದೆ. ನೀರು ಇನ್ನೂ ಐದಾರು ಸೆಂ.ಮೀ. ಕೆಳಗೆ ಹೋಗಿರಲಿ. ನಂತರ ಒಣ ಕಾಗದದ ಮೇಲೆ ಗುಡ್ಡದ ತಲೆಯನ್ನು ಎಳೆದು, ಬಣ್ಣವನ್ನು ಒದ್ದೆ ಜಾಗಕ್ಕೆ ಮುಟ್ಟಿಸಿ ಬಿಟ್ಟರೆ ಇಳಿಜಾರು ಉಳಿದ ಕೆಲಸ ಮಾಡುತ್ತದೆ. ಕುಂಚ ಹಿಂದಕ್ಕೆ ಹೋಗಬಾರದು. ಮುಂದಿನ ಗುಡ್ಡದ ಮೇಲಿನ ಅಡಿಕೆ ಮರಗಳಿಗೆ ದೋಸೆ ಹಿಟ್ಟಿನ ಹದ. ಕುಂಚವನ್ನು ಮಲಗಿಸಿ, ಹೊಟ್ಟೆಯಿಂದ ಸವರಿದರೆ ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿ ಸೋಗೆಯ ಒರಟುತನ ಬರುತ್ತದೆ.

ಈ ಬೂದು ಬಣ್ಣಕ್ಕೆ ಅಂಗಡಿಯ ಇಂಡಿಗೊ ಟ್ಯೂಬ್ ಬಳಸುವ ಚಾಳಿ ಹೆಚ್ಚಾಗಿದೆ. ಮಳೆಗಾಲದ ಮೋಡಕ್ಕೆ ಅದು ಸುಲಭ ಎನಿಸುತ್ತದೆ, ಆದರೆ ಹೆಚ್ಚಿನ ಇಂಡಿಗೊಗಳು ನೀಲಿಗೆ ಕಪ್ಪು ಬೆರೆಸಿ ಮಾಡಿದವು. ಒಣಗಿದ ಮೇಲೆ ಸತ್ತಂತೆ ಕಾಣುತ್ತವೆ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಸೇರಿಸಿ ಮಾಡಿದ ಬೂದು ಒಣಗುವಾಗ ಒಳಗೇ ಒಡೆದು ನೀಲಿ ಒಂದೆಡೆ, ಕಂದು ಒಂದೆಡೆ ಕೂರುತ್ತದೆ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ತಗ್ಗುಗಳಲ್ಲಿ ಇಳಿದು ಹರಳಾಗುವುದೇ ಇದಕ್ಕೆ ಕಾರಣ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದಷ್ಟೂ ಕಣಗಳು ಒಂದಕ್ಕೊಂದು ಅಂಟಿ ಈ ಹರಳು ದಪ್ಪವಾಗುತ್ತದೆ. ಕೋಲಾರ, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರಿನಲ್ಲಿ ನಯವಾದ ವಾಶ್ ಬರುತ್ತಿಲ್ಲ ಎನ್ನುವವರು ಒಮ್ಮೆ ಆರ್‌ಒ ನೀರಲ್ಲಿ, ಇಲ್ಲವೇ ಹಿಡಿದಿಟ್ಟ ಮಳೆನೀರಿನಲ್ಲಿ ಅದೇ ಬಣ್ಣ ಕಲಸಿ ನೋಡಲಿ.

ಪದರದ ಮೇಲೆ ಪದರ, ಅಂದರೆ ಗ್ಲೇಜಿಂಗ್, ಬಗ್ಗೆ ಲೇಖನದಲ್ಲಿ ಎರಡೇ ಸಾಲು ಇದೆ. ಕೆಳಗಿನ ಪದರ ಏಳಬಾರದು, ಅಂದರೆ ನೀರು ತಾಗಿ ಕಾಗದದಿಂದ ಬಿಟ್ಟುಬರಬಾರದು ಎಂಬುದೇ ಇಲ್ಲಿ ಮುಖ್ಯ. ಥ್ಯಾಲೊ ನೀಲಿ, ಥ್ಯಾಲೊ ಹಸಿರು, ಕ್ವಿನಾಕ್ರಿಡೋನ್ ಬಣ್ಣಗಳು ಕಾಗದಕ್ಕೆ ಕಚ್ಚುತ್ತವೆ. ಅವನ್ನು ಕೆಳಗೆ ಹಾಕಿ. ಅಲ್ಟ್ರಾಮರೀನ್, ಕೋಬಾಲ್ಟ್ ನೀಲಿ, ಸೆರೂಲಿಯನ್ ಸುಲಭವಾಗಿ ಏಳುವಂಥವು. ಅವು ಮೇಲೆ ಬರಲಿ. ಗ್ಲೇಜಿಗೆ ಮೆತ್ತನೆಯ ಕೂದಲಿನ ಅಗಲ ಕುಂಚ, ನೀರುಮಜ್ಜಿಗೆ ಹದ, ಒಂದು ಜಾಗಕ್ಕೆ ಒಂದೇ ಎಳೆತ. ಕ್ಯಾಡ್ಮಿಯಂ ಹಳದಿಯಂಥ ಬೆಳಕು ಹಾಯದ ಮಬ್ಬು ಬಣ್ಣವನ್ನು ಮೇಲೆ ಎಳೆದರೆ ಕೆಳಗಿನದು ಹೊಳೆಯುವ ಬದಲು ಮುಸುಕು ಹೊದ್ದಂತಾಗುತ್ತದೆ.

ಒಣಗಿದೆಯೋ ಇಲ್ಲವೋ ಎಂದು ಅಂಗೈ ಹಿಂಬದಿಯಿಂದ ನೋಡುವ ಪದ್ಧತಿ ಕರಾವಳಿಯ ಮಳೆಗಾಲದಲ್ಲಿ ಕೈಕೊಡುತ್ತದೆ. ಗಾಳಿಯ ತೇವವನ್ನು ಕಾಗದವೇ ಹೀರಿಕೊಂಡಿರುವುದರಿಂದ ಮುಟ್ಟಿದರೆ ಸದಾ ತಣ್ಣಗೇ ಇರುತ್ತದೆ. ಬಣ್ಣ ಹಚ್ಚದ ಅದೇ ಕಾಗದದ ತುಂಡನ್ನು ಪಕ್ಕದಲ್ಲಿಟ್ಟು ಎರಡನ್ನೂ ಮುಟ್ಟಿ ಹೋಲಿಸಿ. ಎರಡೂ ಒಂದೇ ತಣ್ಣಗಿದ್ದರೆ ಪದರ ಒಣಗಿದೆ. ಹೇರ್ ಡ್ರೈಯರ್ ಬಳಸುವವರು ಹೊಳಪು ಹೋಗುವವರೆಗೆ ಅದನ್ನು ಮುಟ್ಟಬಾರದು, ನಿಂತ ನೀರನ್ನು ಅದು ಊದಿ ತಳ್ಳುತ್ತದೆ. ಒಣಗಿಸಿದ ಮೇಲೂ ಕಾಗದ ಆರುವವರೆಗೆ ಐದು ನಿಮಿಷ ತಡೆಯಬೇಕು. ಬಿಸಿಯಾದ ಮೇಲ್ಮೈ ಕೈಗೆ ಒಣಗಿದಂತೆ ಕಾಣುತ್ತದೆ, ಒಳಗೆ ತೇವ ಉಳಿದಿರುತ್ತದೆ. (ಈ ಒಂದು ಕಡೆ ನಾನೂ ನಿಮಿಷದ ಲೆಕ್ಕ ಕೊಡಬೇಕಾಯಿತು.) ಸೀಲಿಂಗ್ ಫ್ಯಾನ್ ಮಾತ್ರ ಯಾವ ಋತುವಿಗೂ ಬೇಡ. ಅಂಚು ಮೊದಲು, ನಡು ಆಮೇಲೆ ಒಣಗಿ ವಾಶ್ ಒಂದೇ ಸಮ ನಿಲ್ಲುವುದಿಲ್ಲ.

ಬಯಲುಸೀಮೆಯ ಬೇಸಿಗೆಗೆ ಉಪಾಯ ಬೇರೆ. ಕಾಗದದ ಎರಡೂ ಬದಿಗೆ ನೀರು ಹಚ್ಚಿ, ಗಾಜು ಅಥವಾ ಅಕ್ರಿಲಿಕ್ ಹಾಳೆಯ ಮೇಲೆ ಗುಳ್ಳೆ ಉಳಿಯದಂತೆ ಅಂಟಿಸಿದರೆ ಹಿಂಬದಿಯ ನೀರು ಆರದೆ ಮೇಲ್ಮೈಯನ್ನು ತೇವವಾಗಿಡುತ್ತದೆ. ಮರದ ಬೋರ್ಡಿಗಿಂತ ಎಷ್ಟೋ ಹೆಚ್ಚು ಸಮಯ ಸಿಗುತ್ತದೆ. ಸಾಲದೆಂದರೆ 100 ಮಿ.ಲೀ. ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್. ಅದಕ್ಕಿಂತ ಹೆಚ್ಚಾದರೆ ಬಣ್ಣ ಜಿಗುಟಾಗಿಯೇ ಉಳಿದು ಮೇಲೆ ಧೂಳು ಕೂರುತ್ತದೆ. ಜೇನು ಸೇರಿಸಿ ಮಾಡಿದ ಬಣ್ಣಗಳು ಕಲಬುರಗಿಗೆ ಅನುಕೂಲ, ಉಡುಪಿಗೆ ಕಷ್ಟ: ಮಳೆಗಾಲದಲ್ಲಿ ಪ್ಯಾಲೆಟ್ಟಿನಲ್ಲಿ ಗಟ್ಟಿಯಾಗದೆ ಹರಿದುಹೋಗುತ್ತವೆ. ಬೂಸು ಹಿಡಿಯದಂತೆ ಪ್ಯಾಲೆಟ್ಟನ್ನು ಪೂರ್ತಿ ಒಣಗಿಸಿದ ಮೇಲೆಯೇ ಮುಚ್ಚಬೇಕು.

ಉಪ್ಪು ಚಿಮುಕಿಸಿ ನಕ್ಷತ್ರ ಮಾಡುವ ಚಮತ್ಕಾರಕ್ಕೆ ನಿಮ್ಮ ಲೇಖನ ಮೂರು ಚಿತ್ರ ಕೊಟ್ಟಿದೆ. ರೇಷ್ಮೆ ಹೊಳಪಿನಲ್ಲಿ ಹಾಕಿದರೆ ಆಕಾರ ಬರುತ್ತದೆ, ನಿಜ. ಆದರೆ ಗಾಳಿಯ ಸಾಪೇಕ್ಷ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರೆಳೆದು ಕರಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲವಿಡೀ ಇರುವುದು ಅದಕ್ಕಿಂತ ಹೆಚ್ಚು. ಎಳೆಗಳೊಳಗೆ ಉಳಿದ ಉಪ್ಪು ಪ್ರತಿ ಮಳೆಗಾಲದಲ್ಲೂ ಬೆವರಿ, ಫ್ರೇಮಿನೊಳಗೇ ಕಲೆ ಮಾಡುತ್ತದೆ. ಮಾರುವ ಚಿತ್ರಕ್ಕೆ ಉಪ್ಪು ಬೇಡವೆಂದೇ ಹೇಳಬೇಕು. ಬಣ್ಣ ತಾಗಬಾರದ ಜಾಗವನ್ನು ಮುಚ್ಚಲು ಹಚ್ಚುವ ಮಾಸ್ಕಿಂಗ್ ಫ್ಲೂಯಿಡ್ ಕೂಡ ಹವೆಗೆ ಹೆದರುವ ವಸ್ತು. ಅದು ಅಮೋನಿಯ ಸೇರಿಸಿದ ರಬ್ಬರ್ ಹಾಲು. ತೇವದ ಕಾಗದಕ್ಕೆ ಹಚ್ಚಿದರೆ ಎಳೆಯೊಳಗೆ ಇಳಿದು, ಕೀಳುವಾಗ ಕಾಗದದ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಬಿಸಿಲಲ್ಲಿ ಅಥವಾ ಡ್ರೈಯರ್ ಹಿಡಿದರೆ ಬೆಂದು ಅಂಟುತ್ತದೆ. ಹಚ್ಚಿದ ದಿನವೇ ತೆಗೆಯುವುದು ಕ್ಷೇಮ. ಕುಂಚವನ್ನು ಮೊದಲು ಸೋಪಿನಲ್ಲಿ ಅದ್ದಿ, ಆಮೇಲೆ ಫ್ಲೂಯಿಡ್‌ನಲ್ಲಿ ಅದ್ದಿದರೆ ಕೂದಲು ಉಳಿದೀತು. ಹಳೆಯ ಕುಂಚವನ್ನೇ ಬಳಸಿ, ಒಳ್ಳೆಯದನ್ನು ಬಲಿಕೊಡಬೇಡಿ.

ಎಲ್ಲ ಸರಿಯಾಗಿ ಮಾಡಿಯೂ ವಾಶ್‌ನಲ್ಲಿ ಚುಕ್ಕಿಚುಕ್ಕಿಯಾಗಿ ಗಾಢ ಕಲೆ ಬರುತ್ತಿದ್ದರೆ ಕಾಗದ ಸತ್ತಿದೆ ಎಂದು ತಿಳಿಯಬೇಕು. ನೀರು ಒಮ್ಮೆಲೇ ಇಳಿಯದಂತೆ ತಡೆಯುವುದು ಕಾಗದದ ಸೈಜಿಂಗ್, ಅಂದರೆ ಜೆಲಾಟಿನ್ ಅಥವಾ ಅಂಥದೇ ಅಂಟಿನ ಲೇಪ. ಮಳೆಗಾಲದಲ್ಲಿ ತೆರೆದ ರ‍್ಯಾಕಿನಲ್ಲಿಟ್ಟ ಕಾಗದದ ಜೆಲಾಟಿನ್ ಅನ್ನು ಬೂಸು ತಿಂದುಹಾಕುತ್ತದೆ. ಕಣ್ಣಿಗೆ ಕಾಗದ ಹೊಸದರಂತೆಯೇ ಕಾಣುತ್ತದೆ. ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಆರೋಗ್ಯವಂತ ಕಾಗದದಲ್ಲಿ ಹನಿ ಉಬ್ಬಿಕೊಂಡು ಕೆಲಹೊತ್ತು ನಿಲ್ಲುತ್ತದೆ, ಸತ್ತದ್ದರಲ್ಲಿ ಕೂಡಲೇ ಇಳಿದು ಕಪ್ಪು ಮಚ್ಚೆಯಾಗುತ್ತದೆ. ದುಬಾರಿ ಕಾಗದವನ್ನು ಎಸೆಯುವ ಮುನ್ನ ಮರು ಸೈಜಿಂಗ್ ಮಾಡಬಹುದು. ಸಕ್ಕರೆ, ಸುವಾಸನೆ ಇಲ್ಲದ ಜೆಲಾಟಿನ್ ಪುಡಿ 20 ಗ್ರಾಂ ಅನ್ನು ಒಂದು ಲೀಟರ್ ತಣ್ಣೀರಿನಲ್ಲಿ ನೆನೆಸಿ, ಕೈ ತಡೆಯುವಷ್ಟು ಬಿಸಿಯಲ್ಲಿ ಕರಗಿಸಿ, ಅಗಲ ಕುಂಚದಿಂದ ಎರಡೂ ಬದಿಗೆ ಹಚ್ಚಿ ಒಣಗಿಸಿ. ಕುದಿಸಿದರೆ ಜೆಲಾಟಿನ್‌ನ ಹಿಡಿತ ಹೋಗುತ್ತದೆ. ಹೊಸ ಕಾಗದವನ್ನು ಜೂನ್ ಬರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳ ಸಮೇತ ಮುಚ್ಚಿಡುವುದೇ ಸುಲಭ. ಶಾಲೆಗಳಲ್ಲಿ ಬಳಸುವ ಡ್ರಾಯಿಂಗ್ ಶೀಟಿನ ಮೇಲೆ ಈ ಪತ್ರದ ಯಾವ ತಂತ್ರವೂ ನಿಲ್ಲುವುದಿಲ್ಲ ಎಂಬುದನ್ನು ಲೇಖಕರು ಮಕ್ಕಳ ತಂದೆತಾಯಿಗಳಿಗೆ ಹೇಳಬೇಕಿತ್ತು. ಅದು ಪೆನ್ಸಿಲ್ಲಿಗೆ ಹುಟ್ಟಿದ ಕಾಗದ. ಒದ್ದೆಯಾದರೆ ಅಲೆಯಾಗಿ ಏಳುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತಲ್ಲಿ ಬ್ಲೂಮ್.

ಕರ್ನಾಟಕದ ಓದುಗರಿಗೆ ಬರೆದ ಲೇಖನದಲ್ಲಿ ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರು ಬಾರದಿದ್ದುದು ಸೋಜಿಗ. ಮೈಸೂರು ಅರಮನೆಯ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಚಿತ್ರಕಾರ ಅವನೀಂದ್ರನಾಥ ಟಾಗೋರರ ಬಳಿ ಕಲಿತ ಅವರ ಊಟಿ, ಕೊಡೈಕೆನಾಲ್ ದೃಶ್ಯಗಳು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿವೆ. ಮಂಜು, ಮೋಡಗಳ ಅಂಚನ್ನು ಹದಗೊಳಿಸುವುದು ಹೇಗೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ನಮ್ಮ ರಾಜ್ಯದಲ್ಲಿಲ್ಲ. ಅವನೀಂದ್ರನಾಥರ ಬಳಗ ಬೆಳೆಸಿದ ವಾಶ್ ಪದ್ಧತಿಯ ಬೀಜ ಬಂದದ್ದು 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಅವರಿಂದ. ಅವರು ಒದ್ದೆ ಕುಂಚದಿಂದ ಕಾಗದವನ್ನು ಸವರುತ್ತಿದ್ದರು. ಅವನೀಂದ್ರನಾಥರು ಇನ್ನೂ ಮುಂದೆ ಹೋಗಿ ಚಿತ್ರವನ್ನೇ ನೀರಿನಲ್ಲಿ ಮುಳುಗಿಸಿದರು.

ಇಂದು ಅದನ್ನು ಮಾಡಬಯಸುವವರಿಗೆ ಕ್ರಮ ಇಷ್ಟು. ನಯ ಮೈಯ, ಗಟ್ಟಿ ಸೈಜಿಂಗ್ ಇರುವ, 300 ಜಿಎಸ್‌ಎಂ ಕಾಗದದ ಮೇಲೆ ರೇಖೆ ಬರೆದು, ಆಕಾರಗಳಿಗೆ ತೆಳುವಾದ ಬಣ್ಣ ತುಂಬಿ ಪೂರ್ತಿ ಒಣಗಿಸಿ. ಟ್ರೇಯಲ್ಲಿ ಶುದ್ಧ ನೀರು ತುಂಬಿ ಹಾಳೆಯನ್ನು ಮಲಗಿಸಿ. ಕಚ್ಚದ ಬಣ್ಣ ಬಿಟ್ಟುಕೊಳ್ಳುತ್ತದೆ, ಬಿಡಲಿ. ನೀರು ಬಣ್ಣ ಬಿಡುವುದು ನಿಂತ ಮೇಲೆ ಎತ್ತಿ, ಓರೆ ಹಿಡಿದು ಸುರಿಸಿ, ಬೋರ್ಡಿನ ಮೇಲೆ ಹಾಸಿ. ರೇಷ್ಮೆ ಹೊಳಪಿಗೆ ಬಂದಾಗ ಒಂದೇ ಬಣ್ಣದ ತೆಳು ವಾಶ್ ಅನ್ನು ಚಿತ್ರದ ಮೇಲೆಲ್ಲ ಅಗಲ ಕುಂಚದಿಂದ ಹರಡಿ, ಮುಖ ಅಥವಾ ಚಂದ್ರ ಇರುವ ಕಡೆ ಹೀರಿ ತೆಗೆಯಿರಿ. ಒಣಗಿಸಿ, ಮತ್ತೆ ಮುಳುಗಿಸಿ. ಬೇಕಾದ ಆಳ ಬರುವವರೆಗೆ ಹೀಗೇ. ಕೊನೆಯಲ್ಲಿ ರೇಖೆಗಳನ್ನು ತಿದ್ದಿ, ಬೆಳಕಿನ ಚುಕ್ಕಿಗಳನ್ನು ಇಡಿ. ಎರಡು ಕಡೆ ಕೆಡುತ್ತದೆ: ಅರೆ ಒಣಗಿದ ಚಿತ್ರವನ್ನು ಮುಳುಗಿಸಿದರೆ ಬಣ್ಣವೆಲ್ಲ ಟ್ರೇಗೆ ಹೋಗುತ್ತದೆ, ಅಲ್ಟ್ರಾಮರೀನ್‌ನಂಥ ಏಳುವ ಬಣ್ಣಗಳನ್ನು ಮೊದಲ ಪದರಕ್ಕೆ ಬಳಸಿದರೆ ಎರಡನೇ ಮುಳುಗಿಗೆ ಚಿತ್ರವೇ ಇರುವುದಿಲ್ಲ.

ಇನ್ನು ಬಾಳಿಕೆಯ ಮಾತು. ಬೆಂಗಳೂರಿನ ಜನವರಿಯ ಚಿತ್ರಸಂತೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಜಲವರ್ಣ ಕೊಳ್ಳುವವರು ಯಾವ ಪಿಗ್ಮೆಂಟ್ (ಬಣ್ಣ ಕೊಡುವ ಮೂಲ ಪುಡಿ) ಎಂದು ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಟ್ಯೂಬಿನ ಮೇಲಿನ ಹೆಸರಿಗೆ ಬೆಲೆಯಿಲ್ಲ, ಹಿಂಬದಿಯ ಸಣ್ಣ ಅಕ್ಷರದ ಸಂಕೇತವೇ ನಿಜ. ಪಿಆರ್ 83 ಎಂದಿದ್ದರೆ ಅದು ಹಳೆಯ ಅಲಿಜರಿನ್ ಕ್ರಿಮ್ಸನ್. ತೆಳು ವಾಶ್‌ನಲ್ಲಿ ಬೆಳಕಿಗೆ ಹಾರಿಹೋಗುತ್ತದೆ. ಬದಲಿಗೆ ಪಿವಿ 19ರ ಕ್ವಿನಾಕ್ರಿಡೋನ್ ರೋಸ್ ತೆಗೆದುಕೊಳ್ಳಿ. ಪಿವೈ 40ರ ಆರಿಯೊಲಿನ್ ಹಳದಿ ಕಂದಾಗುತ್ತದೆ. ಹೂವಿನ ಚಿತ್ರಗಳಲ್ಲಿ ಕಣ್ಣು ಕುಕ್ಕುವ ಒಪೆರಾ ಗುಲಾಬಿಯ ಮಿಂಚು ಫ್ಲೋರೆಸೆಂಟ್ ಡೈಯಿಂದ ಬಂದದ್ದು, ಮೊದಲು ಸಾಯುವುದೂ ಅದೇ. ಅನುಮಾನವಿದ್ದರೆ ಪಟ್ಟಿ ಎಳೆದು, ಅರ್ಧ ಭಾಗವನ್ನು ಅಲ್ಯುಮಿನಿಯಂ ಫಾಯಿಲ್‌ನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ಮೂರು ತಿಂಗಳು ಇಟ್ಟು ತೆರೆದು ನೋಡಿ. ವಸ್ತುಸಂಗ್ರಹಾಲಯಗಳು ಜಲವರ್ಣಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಿಸದಿರುವುದು ಸುಮ್ಮನೆ ಅಲ್ಲ.

ಕಟ್ಟು ಹಾಕಿಸುವಾಗ ಚಿತ್ರ ಗಾಜಿಗೆ ತಾಗಬಾರದು, ನಡುವೆ ಮೌಂಟ್ ಬೋರ್ಡಿನ ಅಂತರ ಇರಲಿ. ತಾಗಿದರೆ ಮಳೆಗಾಲದಲ್ಲಿ ಗಾಜಿನ ಒಳಬದಿಯ ಬೆವರು ನೇರ ಬಣ್ಣಕ್ಕೆ. ಹಿಂದೆ ಸೆಲ್ಲೊಟೇಪ್, ಹುಲ್ಲಿನ ರಟ್ಟು ಬೇಡ, ಎರಡೂ ಕಾಗದವನ್ನು ಹಳದಿ ಮಾಡುತ್ತವೆ. ಮಲೆನಾಡಿನ ಗೋಡೆಗಳಿಗೆ ತೂಗುಹಾಕುವವರು ಫ್ರೇಮಿನ ಕೆಳಗಿನ ಎರಡು ಮೂಲೆಗಳ ಹಿಂದೆ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ.

ಲೇಖನದ ಚಿತ್ರದಲ್ಲಿ ಕಂಡ ಕುಂಚಗಳ ಬಗ್ಗೆಯೂ ಒಂದು ಮಾತು. ಬುಡದಲ್ಲಿ ತಿಳಿ, ನಡುವೆ ಗಾಢ, ತುದಿಯಲ್ಲಿ ಮತ್ತೆ ತಿಳಿ ಕಂದು ಬಣ್ಣದ ಕೂದಲು ಸಾಮಾನ್ಯವಾಗಿ ಮುಂಗುಸಿಯದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಂಥ ಕುಂಚಗಳ ಮಾರಾಟ ಅಪರಾಧ. ಪುರವಣಿಯಲ್ಲಿ ಅಚ್ಚಾದ ಕುಂಚ ಯಾವುದೆಂದು ಚಿತ್ರ ನೋಡಿ ಖಚಿತವಾಗಿ ಹೇಳಲಾಗದು, ಆದರೆ ಓದುಗರು ಅದನ್ನೇ ಹುಡುಕಿಕೊಂಡು ಹೋಗಬಾರದು. ಒಳ್ಳೆಯ ಸಿಂಥೆಟಿಕ್ ಕುಂಚ, 8 ಮತ್ತು 12ರ ಅಳತೆಯ ಎರಡು ದುಂಡನೆಯವು, ಒಂದು ಎರಡಿಂಚಿನ ಚಪ್ಪಟೆ, ಇಷ್ಟಿದ್ದರೆ ಮೇಲೆ ಹೇಳಿದ್ದೆಲ್ಲ ಆಗುತ್ತದೆ.

ಈ ಲೇಖನ ಮಾಲೆಯಾಗಿ ಮುಂದುವರಿಯುವುದೆಂದು ಪುಟದ ಕೆಳಗೆ ಸೂಚಿಸಿದ್ದೀರಿ. ಮುಂದಿನ ಕಂತುಗಳಲ್ಲಿ ಪ್ರತಿ ಚಿತ್ರದ ಅಡಿಯಲ್ಲಿ ಕಾಗದದ ಜಿಎಸ್‌ಎಂ, ಪಿಗ್ಮೆಂಟ್ ಸಂಕೇತ, ಚಿತ್ರ ಬರೆದ ಊರು ಮತ್ತು ತಿಂಗಳು, ಇವಿಷ್ಟನ್ನು ಒಂದು ಸಾಲಿನಲ್ಲಿ ಅಚ್ಚುಮಾಡಬೇಕೆಂದು ಕೋರಿಕೆ.

ಇಂತಿ,
ಜಲವರ್ಣ ಕಲಿಸುವ ಒಬ್ಬ ಓದುಗ
ಶಿವಮೊಗ್ಗ